ಕೈಸಾಲೆಗಳ ಊರಿನಲ್ಲಿ ಒಂದು ವಾರಾಂತ್ಯ

ಮಿಲಾನಿನಲ್ಲಿ ಕಚೇರಿಯ ಕೆಲಸ ಅಂದುಕೊಂಡದ್ದಕ್ಕಿಂತ ಬೇಗ ಮುಗಿದು, ಮರಳುವ ವಿಮಾನಕ್ಕೆ ಇನ್ನೂ ಸಮಯ ಉಳಿದಿದ್ದ ಒಂದು ವಾರಾಂತ್ಯದಲ್ಲಿ ನಾನು ಬೊಲೋನ್ಯಕ್ಕೆ ಹೋಗಿ ಬಂದೆ. ಅಲ್ಲಿಗೇ ಏಕೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ. ಊರು ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿತ್ತು, ಮತ್ತು ಅದರ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ವೆನಿಸ್ಸಿಗೋ ಫ್ಲಾರೆನ್ಸಿಗೋ ಹೋಗಿದ್ದರೆ ಚಿತ್ರಗಳಲ್ಲಿ ಮೊದಲೇ ನೋಡಿದ್ದೆಲ್ಲ ಜಾಗದಲ್ಲಿ ಸರಿಯಾಗಿ ಇದೆಯೇ ಎಂದು ತಾಳೆ ನೋಡಿ ಬಂದ ಹಾಗಾಗುತ್ತಿತ್ತು. ಗೊತ್ತಿಲ್ಲದ ಊರಿನಲ್ಲಿ ಆ ಕೆಲಸವಿರುವುದಿಲ್ಲ. ಅಲ್ಲಿ ಮೊದಲು ಕಾಣುವುದು, ಆಮೇಲೆ ತಿಳಿಯುವುದು.

ಇಟಲಿಯಲ್ಲಿ ಹೀಗೆ ಹೇಳದೆ ಕೇಳದೆ ಹೊರಡುವವರಿಗೆ ಅನುಕೂಲವಾಗುವಂಥ ಒಂದು ವ್ಯವಸ್ಥೆಯಿದೆ. ಅತಿವೇಗದ ರೈಲುಗಳ ದರ ವಿಮಾನದ ದರದಂತೆ ಏರಿಳಿಯುತ್ತದೆ, ಹೊರಡುವ ಹೊತ್ತಿಗೆ ಕೊಂಡರೆ ಸಾಮಾನ್ಯವಾಗಿ ದುಬಾರಿ. ಪ್ರಾದೇಶಿಕ ರೈಲುಗಳ ದರ ಮಾತ್ರ ದೂರಕ್ಕೆ ತಕ್ಕಂತೆ ನಿಗದಿಯಾಗಿದ್ದು, ತಿಂಗಳ ಮುಂಚೆ ಕೊಂಡರೂ ರೈಲು ಬರುವ ಮುಂಚೆ ಕೊಂಡರೂ ಒಂದೇ. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ನಿಲ್ದಾಣದ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು ಎಂಬುದನ್ನು ಮರೆಯಬಾರದು, ಅಷ್ಟೇ. ವೇಗದ ರೈಲು ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟು ತೆಗೆದುಕೊಳ್ಳುವ ದಾರಿಯನ್ನು ನಿಧಾನದ ರೈಲು ಹೆಚ್ಚುಕಡಿಮೆ ಮೂರು ಗಂಟೆಯಲ್ಲಿ ಸಾಗುತ್ತದೆ. ಪಿಯಾಚೆಂಝಾ, ಪಾರ್ಮಾ, ರೆಜ್ಜೊ ಎಮಿಲಿಯಾ, ಮೋದೆನಾ ಎಂದು ಊರುಗಳು ದಾರದಲ್ಲಿ ಪೋಣಿಸಿದಂತೆ ಸಾಲಾಗಿ ಬರುತ್ತವೆ. ಕ್ರಿ.ಪೂ. 187ರಲ್ಲಿ ರೋಮನ್ನರು ಹಾಕಿದ ವಿಯಾ ಎಮಿಲಿಯಾ ಎಂಬ ನೇರ ರಸ್ತೆಯೇ ಆ ಊರುಗಳನ್ನು ಹಾಗೆ ಪೋಣಿಸಿದ್ದು, ರೈಲು ಹಳಿ ಅದರ ಪಕ್ಕದಲ್ಲೇ ಸಾಗುತ್ತದೆ ಎಂಬುದು ನನಗೆ ತಿಳಿದದ್ದು ಹಿಂದಿರುಗುವಾಗ.

ಬೊಲೋನ್ಯ ನಿಲ್ದಾಣದಿಂದ ಹೊರಗೆ ಬಂದು, ಹೊಸ ಊರಿನಲ್ಲಿ ಎಲ್ಲರೂ ಮಾಡುವಂತೆ ಗೋಡೆಯ ಗಡಿಯಾರದತ್ತ ನೋಡಿದೆ. ಹತ್ತು ಇಪ್ಪತ್ತೈದು ಎಂದು ತೋರಿಸುತ್ತಿತ್ತು. ಕೈಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಇಷ್ಟು ದೊಡ್ಡ ನಿಲ್ದಾಣದಲ್ಲಿ ಗಡಿಯಾರ ಕೆಟ್ಟಿದ್ದರೂ ಯಾರೂ ಸರಿ ಮಾಡಿಲ್ಲವಲ್ಲ ಎಂದುಕೊಂಡು ಮುಂದೆ ಹೆಜ್ಜೆ ಇಡುವಷ್ಟರಲ್ಲಿ, ಅದರ ಕೆಳಗಿನ ಗೋಡೆಯಲ್ಲಿ ಉದ್ದಕ್ಕೆ ಸೀಳಿಕೊಂಡ ಬಿರುಕೊಂದು ಕಣ್ಣಿಗೆ ಬಿತ್ತು. ಒಳಗೆ ನಿರೀಕ್ಷಣಾ ಕೊಠಡಿಯಲ್ಲಿ ಆ ಬಿರುಕಿನ ಹತ್ತಿರವೇ ಹೆಸರುಗಳ ಫಲಕವಿದೆ. 1980ರ ಆಗಸ್ಟ್ 2, ಶನಿವಾರ, ಬೇಸಿಗೆ ರಜೆಗೆ ಊರು ಬಿಡುವ ಜನರಿಂದ ಕಿಕ್ಕಿರಿದಿದ್ದ ಎರಡನೇ ದರ್ಜೆಯ ನಿರೀಕ್ಷಣಾ ಕೊಠಡಿಯಲ್ಲಿ ಬಾಂಬ್ ಸಿಡಿದು 85 ಜನ ಸತ್ತರು, 200ಕ್ಕೂ ಹೆಚ್ಚು ಜನ ಗಾಯಗೊಂಡರು. ನವ-ಫ್ಯಾಸಿಸ್ಟ್ ಗುಂಪಿನವರಿಗೆ ಶಿಕ್ಷೆಯಾಯಿತು. ಆ್ಯಂಬುಲೆನ್ಸುಗಳು ಸಾಲದೆ ಹೋದಾಗ 37ನೇ ಸಂಖ್ಯೆಯ ನಗರ ಬಸ್ಸಿನಲ್ಲಿ ಶವಗಳನ್ನು ಸಾಗಿಸಿದರು. ಗಡಿಯಾರದ ಕಥೆಯಂತೂ ಇನ್ನೂ ವಿಚಿತ್ರ. ಸ್ಫೋಟದ ನಂತರ ಅದನ್ನು ರಿಪೇರಿ ಮಾಡಿ ಓಡಿಸಿದ್ದರು. ವರ್ಷಗಟ್ಟಲೆ ಸರಿಯಾಗಿಯೇ ನಡೆದು 1996ರಲ್ಲಿ ಅದು ಕೆಟ್ಟು ನಿಂತಾಗ, ಇನ್ನು ಓಡಿಸುವುದೇ ಬೇಡ, 10:25ಕ್ಕೆ ನಿಲ್ಲಿಸಿಬಿಡೋಣ ಎಂದು ತೀರ್ಮಾನವಾಯಿತು. ಆದರೂ ಅದು 1980ರಿಂದ ಒಮ್ಮೆಯೂ ಚಲಿಸಿಲ್ಲವೆಂದೇ ಊರಿನ ಬಹಳಷ್ಟು ಜನ ನಂಬಿದ್ದಾರೆ. ಅದರಡಿಯಲ್ಲೇ ದಿನವೂ ಓಡಾಡಿದವರ ನೆನಪಿನಲ್ಲೂ ಆ ಓಡಿದ ವರ್ಷಗಳು ಅಳಿಸಿಹೋಗಿವೆ.

ಸತ್ತವರಲ್ಲಿ ಹೆಚ್ಚಿನವರು ನನ್ನಂತೆಯೇ ಎಲ್ಲಿಂದಲೋ ಎಲ್ಲಿಗೋ ಹೊರಟವರು. ಇದನ್ನೆಲ್ಲ ಮೊದಲೇ ಓದಿಕೊಂಡು ಬಂದಿದ್ದರೆ ಗಡಿಯಾರದ ಮುಂದೆ ನಿಂತು, ಗೌರವದಿಂದ ಒಂದು ಫೋಟೊ ತೆಗೆದು ಮುಂದೆ ಹೋಗಿರುತ್ತಿದ್ದೆ. ಹೊತ್ತು ನೋಡಲು ಹೋಗಿ ಹೊತ್ತು ತಪ್ಪಿದ್ದರಿಂದಲೇ ಅದು ಮನಸ್ಸಿಗೆ ಬೇರೆ ರೀತಿಯಲ್ಲಿ ತಟ್ಟಿತು.

ಹೊರಗೆ ಮಳೆ ಶುರುವಾಗಿತ್ತು, ನನ್ನ ಬಳಿ ಕೊಡೆಯಿರಲಿಲ್ಲ. ಆದರೆ ನಿಲ್ದಾಣದ ಎದುರಿನಿಂದ ಊರ ನಡುವಿಗೆ ಹೋಗುವ ವಿಯಾ ದೆಲ್ಲಿಂದಿಪೆಂದೆಂಝಾ ಎಂಬ ದೊಡ್ಡ ಬೀದಿಗೆ ಕಾಲಿಟ್ಟ ಮೇಲೆ ಕೊಡೆಯ ಅಗತ್ಯವೇ ಬೀಳಲಿಲ್ಲ. ಬೀದಿಯುದ್ದಕ್ಕೂ ಕಟ್ಟಡಗಳ ನೆಲ ಅಂತಸ್ತು ಒಳಕ್ಕೆ ಸರಿದುಕೊಂಡಿದೆ, ಮೇಲಿನ ಅಂತಸ್ತುಗಳು ಕಂಬ, ಕಮಾನುಗಳ ಮೇಲೆ ನಿಂತಿವೆ, ನಡುವಿನ ಕೈಸಾಲೆಯಲ್ಲಿ ಜನ ನಡೆಯುತ್ತಾರೆ. ಅಡ್ಡಬೀದಿಗೆ ತಿರುಗಿದರೆ ಅಲ್ಲಿಯೂ ಕೈಸಾಲೆ, ಅದರಾಚೆಯ ಬೀದಿಯಲ್ಲಿಯೂ ಕೈಸಾಲೆ. ರಸ್ತೆ ದಾಟುವಾಗ ಮಾತ್ರ ನಾಲ್ಕು ಹನಿ ತಲೆಗೆ ಬೀಳುತ್ತಿತ್ತು. ಊರಿನವರು ಮಳೆಯ ಕಡೆ ನೋಡದೆಯೇ ಮಾತನಾಡುತ್ತ ನಡೆಯುತ್ತಿದ್ದರು, ಕೊಡೆ ಹಿಡಿದವರು ಬಹುಪಾಲು ನನ್ನಂಥ ಹೊರಗಿನವರೇ. ಬೊಲೋನ್ಯದಲ್ಲಿ ಇಂಥ ಕೈಸಾಲೆಗಳ ಒಟ್ಟು ಉದ್ದ 62 ಕಿ.ಮೀ. ಅವುಗಳಲ್ಲಿ ಆಯ್ದ ಹನ್ನೆರಡು ಭಾಗಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹೋಗಬೇಕಾದ ಜಾಗವೆಂದು ಒಂದೂ ಇಲ್ಲದಿದ್ದುದರಿಂದ ನನ್ನ ಗಮನ ಕಾಲ ಕೆಳಗೆ ಹೋಯಿತು. ನೆಲ ಎಲ್ಲಿಯೂ ಒಂದೇ ಸಮನಿಲ್ಲ. ಒಂದು ಕಟ್ಟಡದ ಮುಂದೆ ಬಣ್ಣದ ಕಲ್ಲುಚೂರುಗಳನ್ನು ಗಾರೆಯಲ್ಲಿ ಕೂರಿಸಿ ಉಜ್ಜಿ ಹೊಳಪು ಕೊಟ್ಟ ನೆಲವಿದ್ದರೆ, ಪಕ್ಕದ ಕಟ್ಟಡದ ಮುಂದೆ ಒರಟು ಕಲ್ಲುಚಪ್ಪಡಿ, ಅದರಾಚೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ. ಒಂದು ಕಡೆ ನೆಲ ಎರಡು ಬೆರಳಷ್ಟು ತಗ್ಗುತ್ತದೆ, ಇನ್ನೊಂದು ಕಡೆ ಇಳಿಜಾರಾಗುತ್ತದೆ. ನೆಲ ಬದಲಾದಲ್ಲಿ ಮೇಲೆ ನೋಡಿದರೆ ಕಮಾನಿನ ಬಣ್ಣವೂ ಬದಲಾಗಿರುತ್ತದೆ, ಕಂಬದ ಬೋದಿಗೆಯ ಕೆತ್ತನೆಯೂ ಬದಲಾಗಿರುತ್ತದೆ. ಇದು ನಗರಸಭೆ ಒಂದೇ ಗುತ್ತಿಗೆಯಲ್ಲಿ ಹಾಕಿಸಿದ ಪಾದಚಾರಿ ಮಾರ್ಗವಲ್ಲ, ಒಬ್ಬೊಬ್ಬ ಮಾಲೀಕನದು ಒಂದೊಂದು ತುಂಡು ಎಂಬ ಅನುಮಾನ ಆಗಲೇ ಬಂದಿತ್ತು. ಮಧ್ಯಾಹ್ನ ಓದಿದಾಗ ಅದು ನಿಜವೆಂದು ಗೊತ್ತಾಯಿತು. ಕೈಸಾಲೆ ಮನೆಯ ಮಾಲೀಕನ ಸ್ವತ್ತು, ಅದರ ಮೇಲೆ ನಡೆಯುವ ಹಕ್ಕು ಎಲ್ಲರದು.

ಈ ಏರ್ಪಾಟು ಹುಟ್ಟಿದ ಬಗೆ ಊರಿನ ಎಲ್ಲ ಗೋಪುರ, ಚರ್ಚುಗಳಿಗಿಂತ ನನಗೆ ಹೆಚ್ಚು ರುಚಿಸಿತು. ಅದರ ಮೂಲದಲ್ಲಿ ಸೌಂದರ್ಯವೂ ಇಲ್ಲ, ಪರೋಪಕಾರವೂ ಇಲ್ಲ, ಇರುವುದು ಒತ್ತುವರಿ. ಮಧ್ಯಯುಗದಲ್ಲಿ ವಿಶ್ವವಿದ್ಯಾಲಯದ ದೆಸೆಯಿಂದ ಊರಿಗೆ ವಿದ್ಯಾರ್ಥಿಗಳೂ ಅವರ ಬೆನ್ನಿಗೆ ವ್ಯಾಪಾರಿಗಳೂ ಕೆಲಸಗಾರರೂ ಬಂದು ತುಂಬಿಕೊಂಡರು. ಕೋಣೆಗಳು ಸಾಲಲಿಲ್ಲ. ಮನೆಯವರು ಮೇಲಂತಸ್ತಿನ ತೊಲೆಗಳನ್ನು ಬೀದಿಯ ಮೇಲಕ್ಕೆ ಚಾಚಿ, ಅದರ ಮೇಲೆ ಇನ್ನೊಂದು ಕೋಣೆ ಕಟ್ಟಿಕೊಂಡರು. ಚಾಚು ಉದ್ದವಾದಾಗ ಭಾರ ತಾಳಲೆಂದು ಕೆಳಗೆ ಮರದ ಕಂಬ ಕೊಟ್ಟರು, ಕಂಬ ಬಂದದ್ದೇ ಬೀದಿಯ ಒಂದು ಪಟ್ಟಿ ಮನೆಯ ಕೆಳಗೆ ಸೇರಿಹೋಯಿತು. ಇಂಥ ಚಾಚುಗಳನ್ನು ಕೆಡವಿಸುವುದು ನಗರಾಡಳಿತಕ್ಕೆ ತೋಚುವ ಮೊದಲ ಉಪಾಯ, ಅನೇಕ ಊರುಗಳು ಅದನ್ನೇ ಮಾಡಿವೆ. ಬೊಲೋನ್ಯ 1288ರಲ್ಲಿ ಅದಕ್ಕೆ ತದ್ವಿರುದ್ಧವಾದ ಕಾನೂನು ತಂದಿತು. ಹೊಸದಾಗಿ ಕಟ್ಟುವ ಮನೆಗೆ ಕೈಸಾಲೆ ಇರಲೇಬೇಕು, ಇಲ್ಲದ ಹಳೆಯ ಮನೆಗಳೂ ಸೇರಿಸಿಕೊಳ್ಳಬೇಕು. ಎತ್ತರ ಕನಿಷ್ಠ ಏಳು ಬೊಲೋನ್ಯ ಅಡಿ, ಅಂದರೆ 2.66 ಮೀಟರ್ ಇರಬೇಕು, ಏಕೆಂದರೆ ಕುದುರೆಯ ಮೇಲೆ ಕುಳಿತವನು ತಲೆ ತಗಲಿಸಿಕೊಳ್ಳದೆ ದಾಟಬೇಕು. ದುರಸ್ತಿಯ ಖರ್ಚು ಮಾಲೀಕನದು. ಬೀದಿಯ ಮೇಲಿನ ಆಕಾಶವನ್ನು ನೀನು ತೆಗೆದುಕೋ, ಕೆಳಗಿನ ನೆಲವನ್ನು ದಾರಿಹೋಕನಿಗೆ ಬಿಡು ಎಂಬ ಕೊಡುಕೊಳ್ಳುವಿಕೆ ಇದು. ಮನುಷ್ಯರ ದುರಾಸೆಯನ್ನು ತಡೆಯಲು ಹೋಗದೆ, ಅದಕ್ಕೆ ಬಾಡಿಗೆ ವಸೂಲು ಮಾಡಿದ ಈ ಬುದ್ಧಿವಂತಿಕೆಯನ್ನು ನಾನು ಬಹಳ ಮೆಚ್ಚಿದೆ. ಮರದ ಕಂಬಗಳ ಜಾಗದಲ್ಲಿ ಕಲ್ಲು, ಇಟ್ಟಿಗೆಯ ಕಂಬಗಳು ಬರಬೇಕೆಂದು 1568ರಲ್ಲಿ ಆಜ್ಞೆಯಾಯಿತು. ಇಂದು ಕಾಣುವ ರೂಪ ಬಹುಮಟ್ಟಿಗೆ ಅಲ್ಲಿಂದ ಮುಂದಿನದು.

ಆಜ್ಞೆಯನ್ನು ದಾಟಿ ಉಳಿದ ಕೆಲವು ಮರದ ಕೈಸಾಲೆಗಳೂ ಇವೆ. ಸ್ತ್ರಾದಾ ಮಾಜೊರೆ ಬೀದಿಯ ಕಾಸಾ ಇಸೊಲಾನಿ 13ನೇ ಶತಮಾನದ ಮನೆ. ಸುಮಾರು ಒಂಬತ್ತು ಮೀಟರ್ ಎತ್ತರದ ಓಕ್ ಮರದ ಕಂಬಗಳು ಅದರ ಮೂರನೇ ಅಂತಸ್ತನ್ನು ಹೊತ್ತು ನಿಂತಿವೆ. ಮರ ಒಣಗಿ ಸೀಳಿ ಕಪ್ಪಾಗಿದೆ, ಸೀಳಿನೊಳಗೆ ಬೆರಳು ತೂರುತ್ತದೆ. ಅದರ ಕೆಳಗೆ ನಾಲ್ಕಾರು ಜನ ಕತ್ತೆತ್ತಿ ಏನನ್ನೋ ಹುಡುಕುತ್ತಿದ್ದರು. ನಾನೂ ಕತ್ತೆತ್ತಿದೆ. ಮರದ ಮಾಡಿಗೆ ನೆಟ್ಟುಕೊಂಡ ಮೂರು ಬಾಣಗಳಿವೆ, ಒಬ್ಬ ಗಂಡ ಹೆಂಡತಿಯನ್ನು ಕೊಲ್ಲಿಸಲು ಬಿಲ್ಲುಗಾರರನ್ನು ಕಳಿಸಿದಾಗ ಅವಳ ರೂಪ ಕಂಡು ಅವರು ಗುರಿ ತಪ್ಪಿದರಂತೆ, ಎಂದು ಪಕ್ಕದಲ್ಲಿದ್ದ ಮಹಿಳೆ ವಿವರಿಸಿದರು. ಕಥೆಯನ್ನು ನಂಬುವುದು ಕಷ್ಟ, ಬಾಣಗಳನ್ನು ಹುಡುಕುವುದು ಅದಕ್ಕಿಂತ ಕಷ್ಟ. ಆ ಬೀದಿಯೂ ವಿಯಾ ಎಮಿಲಿಯಾದ ಒಂದು ತುಂಡೇ.

ಕೋಣೆಗಳ ಅಭಾವಕ್ಕೆ ಕಾರಣವಾದ ವಿಶ್ವವಿದ್ಯಾಲಯದ ಸ್ಥಾಪನೆಯ ವರ್ಷ 1088 ಎಂದು ರೂಢಿಯಲ್ಲಿ ಹೇಳುತ್ತಾರೆ. ಅಲ್ಲಿಗೆ ಕಾನೂನು ಕಲಿಯಲು ಬಂದವರು ಬಹುಪಾಲು ಪರವೂರಿನವರು, ಪರದೇಶದವರು. ಪರದೇಶದವನೆಂದರೆ ಆ ಕಾಲದಲ್ಲಿ ಹಕ್ಕಿಲ್ಲದವನು. ಅವನ ದೇಶದ ಇನ್ನೊಬ್ಬ ಮಾಡಿದ ಸಾಲಕ್ಕೆ ಅವನನ್ನು ಹಿಡಿದು ಕೂರಿಸಬಹುದಾಗಿತ್ತು. 12ನೇ ಶತಮಾನದ ನಡುವಿನಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಹೊರಡಿಸಿದ ಶಾಸನ ಇದನ್ನು ತಡೆದು, ವಿದ್ಯೆಗಾಗಿ ಊರು ಬಿಟ್ಟು ಅಲೆಯುವವರಿಗೆ ರಕ್ಷಣೆ ಕೊಟ್ಟಿತು. ಊರಿನ ಪೌರತ್ವವಿಲ್ಲದ ಈ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಕೂಟಗಳನ್ನು ಕಟ್ಟಿಕೊಂಡರು. ವಿಶ್ವವಿದ್ಯಾಲಯವೆಂದರೆ ಮೊದಲಿಗೆ ಕಟ್ಟಡವಲ್ಲ, ಆ ಕೂಟಗಳೇ. ಕಟ್ಟಡ ಬಂದದ್ದು 1563ರಲ್ಲಿ. ಆರ್ಕಿಜಿನ್ನಾಸಿಯೊ ಎಂಬ ಆ ಕಟ್ಟಡದ ಮೊಗಸಾಲೆ, ಮೆಟ್ಟಿಲು, ಛಾವಣಿಗಳ ತುಂಬ ದೂರದೂರಿನ ವಿದ್ಯಾರ್ಥಿಗಳ ಮನೆತನದ ಲಾಂಛನಗಳು ಸಾವಿರಾರು ಸಂಖ್ಯೆಯಲ್ಲಿವೆ. ಒಳಗಿನ ಅಂಗರಚನಾ ಶಾಸ್ತ್ರದ ಪಾಠಶಾಲೆ 1637ರದು, ನಡುವೆ ಹೆಣ ಕೊಯ್ಯುವ ಅಮೃತಶಿಲೆಯ ಮೇಜು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮರದ ಆಸನ. 1944ರ ಜನವರಿಯ ಬಾಂಬ್ ದಾಳಿಯಲ್ಲಿ ಪುಡಿಯಾದ ಅದನ್ನು, ಅವಶೇಷಗಳಲ್ಲಿ ಸಿಕ್ಕ ಮೂಲ ಮರದ ತುಂಡುಗಳನ್ನೇ ಸೇರಿಸಿ ಮತ್ತೆ ಕಟ್ಟಿದ್ದಾರೆ.

ಹೀಗೆ ನೋಡಿದರೆ ಊರಿನ ಕೈಸಾಲೆಯೂ ಕಾನೂನೂ ಖ್ಯಾತಿಯೂ ಹೊರಗಿನಿಂದ ಬಂದವರಿಗಾಗಿ, ಅವರ ದೆಸೆಯಿಂದ, ಹಲವೊಮ್ಮೆ ಅವರ ಕಾಟದಿಂದ ರೂಪುಗೊಂಡವು. ಕೆಲಸವಿಲ್ಲದೆ, ಪರಿಚಯವಿಲ್ಲದೆ ಬಂದಿಳಿದ ನನಗೆ ಊರು ಅಷ್ಟು ಸುಲಭವಾಗಿ ಒಗ್ಗಿದ್ದಕ್ಕೆ ಇದೇ ಕಾರಣವೆಂದು ನನ್ನ ತರ್ಕ. ಮಧ್ಯಾಹ್ನ ಮಳೆ ಜೋರಾದಾಗ ಕಣ್ಣಿಗೆ ಬಿದ್ದ ಬಾಗಿಲೊಂದರೊಳಗೆ ನುಗ್ಗಿದೆ, ಅದು ನಗರದ ಸಾರ್ವಜನಿಕ ಗ್ರಂಥಾಲಯ. ಸಾಲಾಬೋರ್ಸಾ ಎಂಬ ಹೆಸರೇ ಹೇಳುವಂತೆ ಹಿಂದೆ ಷೇರುಪೇಟೆಯಾಗಿದ್ದ ಸಭಾಂಗಣದಲ್ಲಿ 2001ರಿಂದ ಅದು ನಡೆಯುತ್ತಿದೆ. ಗುರುತಿನ ಚೀಟಿ ಯಾರೂ ಕೇಳಲಿಲ್ಲ. ನೆಲದ ಒಂದು ಭಾಗಕ್ಕೆ ಗಾಜು ಹಾಕಿದ್ದಾರೆ, ಅದರ ಕೆಳಗೆ ರೋಮನ್ನರ ಕಾಲದ ಊರಿನ ಅಡಿಪಾಯಗಳು ಕಾಣುತ್ತವೆ. ಮಕ್ಕಳು ಗಾಜಿನ ಮೇಲೆ ಬೋರಲು ಬಿದ್ದು ಇಣುಕುತ್ತಿದ್ದರು, ಹಿರಿಯರು ಪತ್ರಿಕೆ ಓದುತ್ತಿದ್ದರು, ಒಬ್ಬರು ಪತ್ರಿಕೆ ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋಗಿದ್ದರು. ಊರಿನ ಇತಿಹಾಸವನ್ನು ನಾನು ಫೋನಿನಲ್ಲಿ ಹುಡುಕಿ ಓದಿದ್ದು ಅಲ್ಲಿ ಕುಳಿತೇ.

ಪ್ರವಾಸಿಗರು ತಪ್ಪದೆ ನೋಡುವುದರ ವಿಷಯದಲ್ಲಿ ನಾನು ಅಷ್ಟೇನೂ ಶ್ರದ್ಧೆ ತೋರಲಿಲ್ಲ. ಊರಿನ ಗುರುತಾದ ಎರಡು ಗೋಪುರಗಳಲ್ಲಿ 97 ಮೀಟರಿನ ಆಸಿನೆಲ್ಲಿಯನ್ನು ಹತ್ತುವ ಅವಕಾಶವಿರಲಿಲ್ಲ. ಪಕ್ಕದ 48 ಮೀಟರಿನ ಗರಿಸೆಂಡಾ ಮೊದಲಿನಿಂದಲೂ ವಾಲಿದ್ದೇ, ಅದರ ಸ್ಥಿತಿ ಹದಗೆಟ್ಟಿತೆಂದು 2023ರ ಅಕ್ಟೋಬರಿನಲ್ಲಿ ಸುತ್ತಲಿನ ಜಾಗವನ್ನೂ ಮುಚ್ಚಿ ತಡೆಗೋಡೆ ಹಾಕಿದ್ದಾರೆ. ಪದವಿ ಮುಗಿಯುವ ಮುನ್ನ ಆಸಿನೆಲ್ಲಿ ಹತ್ತಿದವನು ಪಾಸಾಗುವುದಿಲ್ಲ ಎಂಬುದು ಇಲ್ಲಿನ ವಿದ್ಯಾರ್ಥಿಗಳ ನಂಬಿಕೆ, ಸದ್ಯಕ್ಕೆ ಅವರಿಗೆ ಆ ಭಯವಿಲ್ಲ. ವಿಯಾ ಪಿಯೆಲ್ಲಾದ ಗೋಡೆಯಲ್ಲಿ ಒಂದು ಪುಟ್ಟ ಕಿಟಕಿಯಿದ್ದು, ತೆರೆದರೆ ಹಿಂದಿನ ಕಾಲುವೆ ಕಾಣುತ್ತದೆ. ಅದರ ಮುಂದೆ ಫೋನು ಹಿಡಿದವರ ಸರದಿ ಎಷ್ಟು ಉದ್ದವಿತ್ತೆಂದರೆ, ನಾನು ಸರದಿಯನ್ನೇ ನೋಡಿ ಮುಂದೆ ಹೋದೆ. ಊಟಕ್ಕೆ ಇಲ್ಲಿನ ಹೆಸರಾಂತ ತೊರ್ತೆಲ್ಲೀನಿ ಎಂಬ ಹೂರಣ ತುಂಬಿದ ಪುಟ್ಟ ಪಾಸ್ತಾ ನನ್ನಂಥ ಸಸ್ಯಾಹಾರಿಗಳಿಗಲ್ಲ, ಹೂರಣವೂ ಮಾಂಸ, ಸಾರೂ ಮಾಂಸದ್ದೇ. ಅದರ ದೊಡ್ಡಣ್ಣನಂಥ ತೊರ್ತೆಲ್ಲೋನಿಯಲ್ಲಿ ರಿಕೊಟ್ಟಾ ಗಿಣ್ಣು ತುಂಬಿ, ಬೆಣ್ಣೆ ಮತ್ತು ಸೇಜ್ ಎಲೆಯೊಂದಿಗೆ ಕೊಡುತ್ತಾರೆ, ಅದು ಸೊಗಸಾಗಿತ್ತು.

ಪಿಯಾಝಾ ಮಾಜೊರೆ ಚೌಕದ ಬದಿಯ ಅರಮನೆಯೊಂದರ ಕೆಳಗೆ ನಾಲ್ಕು ದಾರಿ ಕೂಡುವ ಕಮಾನಿನ ಮಂಟಪವಿದೆ. ಒಂದು ಮೂಲೆಗೆ ಮುಖ ಮಾಡಿ ಪಿಸುಗುಟ್ಟಿದರೆ ಮಾತು ಕಮಾನನ್ನೇರಿ ಎದುರಿನ ಮೂಲೆಗೆ ಇಳಿಯುತ್ತದೆ, ನಡುವೆ ನಡೆಯುವವರಿಗೆ ಏನೂ ಕೇಳಿಸುವುದಿಲ್ಲ. ಒಂಟಿಯಾಗಿ ಬಂದವನಿಗೆ ಇದರಿಂದ ಪ್ರಯೋಜನವಿಲ್ಲ ಎಂದು ನೋಡುತ್ತ ನಿಂತಿದ್ದಾಗ, ಮೊಮ್ಮಗನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದ್ದ ಅಜ್ಜ ನನ್ನನ್ನು ಕೈಸನ್ನೆಯಿಂದ ಎದುರು ಮೂಲೆಗೆ ಕಳಿಸಿದರು, ಅವರಿಗೆ ಬಗ್ಗಲು ಆಗುತ್ತಿರಲಿಲ್ಲವೇನೋ. ಗೋಡೆಯೊಳಗಿನಿಂದ ಎಂಬಂತೆ ಹುಡುಗನ ಪ್ರಶ್ನೆ ಕಿವಿಯ ಬಳಿಯೇ ಕೇಳಿಸಿತು, ಅರ್ಥವಾಗಲಿಲ್ಲ. ಕೇಳಿಸಿತೆಂದು ತಿಳಿಸಲಾದರೂ ಏನಾದರೂ ಹೇಳಬೇಕಲ್ಲ ಎಂದು ಒಂದರಿಂದ ಐದರವರೆಗೆ ಕನ್ನಡದಲ್ಲೇ ಎಣಿಸಿದೆ. ಸ್ವಲ್ಪ ಹೊತ್ತು ಮೌನ, ಆಮೇಲೆ ಅವನು ಇಟಾಲಿಯನ್ನಿನಲ್ಲಿ ಆರರಿಂದ ಹತ್ತರವರೆಗೆ ಎಣಿಸಿದ. ಎಣಿಕೆಯೆಂದು ಅವನಿಗೆ ಹೇಗೆ ತಿಳಿಯಿತೋ ಕಾಣೆ.

ಕೈಸಾಲೆಯನ್ನು ಇಷ್ಟು ಹೊಗಳಿದ ಮೇಲೆ ರಾತ್ರಿ ಕಂಡದ್ದನ್ನೂ ಹೇಳಬೇಕು. ಅಂಗಡಿಗಳ ಬಾಗಿಲು ಹಾಕಿದ ಮೇಲೆ ಅದೇ ಕಮಾನುಗಳ ಕೆಳಗೆ ರಟ್ಟು ಹಾಸಿ ಜನ ಮಲಗುತ್ತಾರೆ. ನಡೆಯುವ ಹಕ್ಕು ಎಲ್ಲರಿಗೂ ಇರುವ ಜಾಗದಲ್ಲಿ ಮಲಗುವ ಹಕ್ಕು ಯಾರಿಗೂ ಇಲ್ಲ, ಮನೆಯಿಲ್ಲದವರು ಇನ್ನೆಲ್ಲಿಗೆ ಹೋಗಬೇಕು? ಹಗಲಿನಲ್ಲಿ ಹೋಟೆಲುಗಳ ಮೇಜು, ಕುರ್ಚಿಗಳು ದಾರಿಯನ್ನು ಅರ್ಧಕ್ಕರ್ಧ ನುಂಗಿರುತ್ತವೆ, ಆಕಾಶವನ್ನು ಪಡೆದವರು ಈಗ ನೆಲವನ್ನೂ ವಾಪಸು ಕೇಳುತ್ತಿದ್ದಾರೆ ಎನ್ನಬೇಕು. ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆ ಸಿಗದಿರುವುದು ಈಗಲೂ ಊರಿನ ದೊಡ್ಡ ಸಮಸ್ಯೆ, ಗೋಡೆಗಳ ಮೇಲೆ ಅದರ ಬಗ್ಗೆ ಬರಹಗಳಿವೆ. ಒಂದು ಕೋಣೆಯನ್ನು ವರ್ಷಕ್ಕೆ ವಿದ್ಯಾರ್ಥಿಗೆ ಕೊಡುವುದಕ್ಕಿಂತ ನನ್ನಂತೆ ಒಂದೆರಡು ರಾತ್ರಿ ತಂಗಿ ಹೋಗುವವರಿಗೆ ಕೊಡುವುದು ಮಾಲೀಕರಿಗೆ ಲಾಭ. ನಾನು ತಂಗಿದ್ದ ಕೋಣೆಯ ಮೇಜಿನ ಖಾನೆಯಲ್ಲಿ ಯಾರೋ ಓದುವವರು ಬಿಟ್ಟುಹೋದ, ಅಂಚು ಕಚ್ಚಿದ ಪೆನ್ಸಿಲುಗಳಿದ್ದವು. ಯೋಜನೆಯಿಲ್ಲದ ಪುಟ್ಟ ಪ್ರವಾಸ ನಿರಪಾಯಕಾರಿ ಎಂದು ನಾವು ಅಂದುಕೊಳ್ಳುತ್ತೇವೆ, ಅದರ ಬೆಲೆಯ ಒಂದು ಪಾಲನ್ನು ಆ ಊರಿನವರೇ ತೆರುತ್ತಾರೆ.

ಭಾನುವಾರ ಬೆಳಗ್ಗೆ ಸರಾಗೊಝಾ ಹೆಬ್ಬಾಗಿಲಿನಿಂದ ಹೊರಟು ಸ್ಯಾನ್ ಲೂಕಾ ಗುಡ್ಡ ಹತ್ತಿದೆ. ಈ ದಾರಿಯೂ ಕೈಸಾಲೆಯೇ, 666 ಕಮಾನುಗಳು, ಹೆಚ್ಚುಕಡಿಮೆ ನಾಲ್ಕು ಕಿ.ಮೀ. ಉದ್ದ, ಕೊನೆಯಲ್ಲಿ ಮಡೋನಾ, ಅಂದರೆ ಮೇರಿ ಮಾತೆಯ ಗುಡಿ. 1433ರಲ್ಲಿ ಬಿಡದೆ ಸುರಿದ ಮಳೆಗೆ ಬೆಳೆ ಹಾಳಾಗುವ ಸ್ಥಿತಿ ಬಂದಾಗ ಗುಡಿಯ ಚಿತ್ರಪಟವನ್ನು ಊರಿಗೆ ಇಳಿಸಿ ತಂದರಂತೆ, ಮಳೆ ನಿಂತಿತಂತೆ. ಅಂದಿನಿಂದ ಪ್ರತಿವರ್ಷ ಮೆರವಣಿಗೆ. ಮಳೆ ನಿಲ್ಲಿಸುವ ದೇವಿ ಮಳೆಯಲ್ಲಿ ನೆನೆಯಬಾರದೆಂದು ದಾರಿಯುದ್ದಕ್ಕೂ ಸೂರು ಹಾಕುವ ಕೆಲಸ 1674ರಲ್ಲಿ ಆರಂಭವಾಯಿತು. ಹಣ ಕೊಟ್ಟವರಲ್ಲಿ ಶ್ರೀಮಂತರೂ ಇದ್ದರು, ಕೂಲಿಯವರೂ ಇದ್ದರು. 1677ರ ಅಕ್ಟೋಬರಿನಲ್ಲಿ ಊರಿನವರು ಸಾಲುಗಟ್ಟಿ ನಿಂತು ಇಟ್ಟಿಗೆ, ಗಾರೆಗಳನ್ನು ಕೈಯಿಂದ ಕೈಗೆ ದಾಟಿಸಿ ಗುಡ್ಡದ ಮೇಲೆ ತಲುಪಿಸಿದರು. ಇಂದು ಅದೇ ಮೆಟ್ಟಿಲುಗಳ ಮೇಲೆ ಯುವಕರು ಓಟದ ಅಭ್ಯಾಸ ಮಾಡುತ್ತಾರೆ. ಕೈಯಲ್ಲಿ ಜಪಮಾಲೆ ಹಿಡಿದ ಅಜ್ಜಿಯೊಬ್ಬರು ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡು, ಓಡಿ ಇಳಿದು ಬರುವವರಿಗೆ ಬದಿಗೆ ಸರಿದು ದಾರಿ ಬಿಡುತ್ತಿದ್ದರು, ನನ್ನ ಏದುಸಿರು ನೋಡಿ ನನಗೂ ಬಿಟ್ಟರು. ಆದರೂ ಅವರು ಹೆಚ್ಚು ಹಿಂದೆ ಬೀಳಲಿಲ್ಲ.

ಇಳಿದು ಬರುವಷ್ಟರಲ್ಲಿ ಮೋಡ ಸರಿದು ಬಿಸಿಲು ಬಿದ್ದಿತ್ತು. ರೈಲಿಗೆ ಇನ್ನೂ ಸಮಯವಿದ್ದುದರಿಂದ ಸ್ಯಾನ್ ಪೆಟ್ರೋನಿಯೊ ಚರ್ಚಿನೊಳಗೆ ಹೋದೆ. 1390ರಲ್ಲಿ ಶುರುವಾದ ಈ ಕಟ್ಟಡದ ಮುಖ ಇನ್ನೂ ಅರ್ಧಕ್ಕೇ ನಿಂತಿದೆ, ಕೆಳಭಾಗಕ್ಕೆ ಅಮೃತಶಿಲೆ, ಮೇಲೆ ಬರಿಯ ಇಟ್ಟಿಗೆ. ಒಳಗೆ ಎಡಬದಿಯ ನೆಲದಲ್ಲಿ, ಕಂಬಗಳ ನಡುವೆ ಓರೆಯಾಗಿ ಸುಮಾರು 67 ಮೀಟರ್ ಉದ್ದದ ಲೋಹದ ಗೆರೆಯಿದೆ. ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ಇದನ್ನು ಹಾಕಿದ. ಸುಮಾರು 27 ಮೀಟರ್ ಎತ್ತರದ ಛಾವಣಿಯಲ್ಲಿ ಒಂದು ಸಣ್ಣ ರಂಧ್ರವಿದ್ದು, ಅದರಿಂದ ಇಳಿಯುವ ಸೂರ್ಯಬಿಂಬ ನಡುಹಗಲಿನಲ್ಲಿ ಈ ಗೆರೆಯನ್ನು ದಾಟುತ್ತದೆ, ಬೇಸಿಗೆಯಲ್ಲಿ ಒಂದು ತುದಿಯ ಬಳಿ, ಚಳಿಗಾಲದಲ್ಲಿ ಇನ್ನೊಂದು ತುದಿಯ ಬಳಿ. ವರ್ಷದುದ್ದಕ್ಕೂ ಆ ಬಿಂಬದ ಗಾತ್ರ ಹಿಗ್ಗಿ ಕುಗ್ಗುವುದನ್ನು ಅಳೆದು, ಗ್ರಹಗಳ ಚಲನೆಯ ಬಗ್ಗೆ ಕೆಪ್ಲರ್ ಹೇಳಿದ್ದಕ್ಕೆ ಕಸ್ಸೀನಿ ಪುರಾವೆ ಒದಗಿಸಿದ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ ಚರ್ಚು ಗೆಲಿಲಿಯೊನನ್ನು ವಿಚಾರಣೆಗೆ ಗುರಿಪಡಿಸಿ ಕಾಲು ಶತಮಾನವೂ ಕಳೆದಿರದ ಕಾಲದಲ್ಲಿ, ಪೋಪನ ಆಳ್ವಿಕೆಯ ಊರಿನಲ್ಲಿ, ಚರ್ಚಿನ ನೆಲದ ಮೇಲೆಯೇ ಈ ಕೆಲಸ ನಡೆಯಿತು.

ನಾನು ಹೋದಾಗ ನಡುಹಗಲು ಕಳೆದಿತ್ತು. ಬಿಂಬ ಗೆರೆಯನ್ನು ದಾಟಿ, ಕಂಬದ ಬುಡವನ್ನೂ ದಾಟಿ ಹೋಗಿಬಿಟ್ಟಿತ್ತು. ಕಾವಲಿನ ಹುಡುಗ, ದಿನಕ್ಕೆ ಒಂದೇ ಸಲ, ಅದೂ ಮೋಡವಿಲ್ಲದಿದ್ದರೆ, ಎಂದು ಒಡಕು ಇಂಗ್ಲಿಷಿನಲ್ಲಿ ಹೇಳಿ, ಅಂದಿನ ಬಿಂಬ ಗೆರೆಯನ್ನು ದಾಟಿದ ಜಾಗವನ್ನು ಬೂಟಿನ ತುದಿಯಿಂದ ತೋರಿಸಿದ. ಅದನ್ನು ನೋಡಬೇಕೆಂದರೆ ಪಂಚಾಂಗ, ಹವಾಮಾನ, ರೈಲಿನ ವೇಳಾಪಟ್ಟಿ ಮೂರನ್ನೂ ಮುಂದಿಟ್ಟುಕೊಂಡು ಲೆಕ್ಕ ಹಾಕಿಯೇ ಹೋಗಬೇಕು.